ಟ್ಯಾಂಜರಿನ್ ಬೌಲ್: ಒರ್ಲ್ಯಾಂಡೊಗೆ ಬರಲ್ಲ ಅಂದ ತಂಡ

ನಮಸ್ಕಾರ. ಈಗ ಕಾಣ್ತಿರೋದು ಫ್ಲೋರಿಡಾದ ಒರ್ಲ್ಯಾಂಡೊದಲ್ಲಿರೋ ಕ್ಯಾಂಪಿಂಗ್ ವರ್ಲ್ಡ್ ಸ್ಟೇಡಿಯಂ. ಈ ಎತ್ತರದ ಗ್ಯಾಲರಿಗಳನ್ನ ಸ್ವಲ್ಪ ಹೊತ್ತು ಮರೆತುಬಿಡಿ. 1936ರಲ್ಲಿ, ಕೆಲಸ ಇಲ್ಲದವರಿಗೆ ಕೆಲಸ ಕೊಡೋ ರೂಸ್‌ವೆಲ್ಟ್ ಸರ್ಕಾರದ ಯೋಜನೆಯಲ್ಲಿ ಇದನ್ನ ಕಟ್ಟಿದಾಗ ಸುಮಾರು 9 ಸಾವಿರ ಜನ ಕೂರೋಷ್ಟೇ ಜಾಗ ಇತ್ತು. ನಾವು ಮಾತಾಡ್ತಿರೋದು ಆ ಸಣ್ಣ ಸ್ಟೇಡಿಯಂ ವಿಷಯ.

ಅಮೆರಿಕನ್ ಫುಟ್ಬಾಲಲ್ಲಿ ಬೌಲ್ ಅಂದ್ರೆ ಸೀಸನ್ ಮುಗಿದ ಮೇಲೆ ಎರಡು ತಂಡಗಳನ್ನ ಕರೆಸಿ ಆಡಿಸೋ ಮ್ಯಾಚು. ಇಲ್ಲಿ ನಡೀತಿದ್ದ ಬೌಲಿನ ಹೆಸರು ಟ್ಯಾಂಜರಿನ್ ಬೌಲ್, ಮೊದಲನೇದು 1947ರ ಜನವರಿ 1ಕ್ಕೆ ನಡೀತು. ಕಟಾಬ ಕಾಲೇಜು 31, ಮೇರಿವಿಲ್ 6. ನಡೆಸಿದ್ದು ಎಲ್ಕ್ಸ್ ಅನ್ನೋ ಸಂಘ, ಉದ್ದೇಶ ಅಂಗವಿಕಲ ಮಕ್ಕಳ ಆಸ್ಪತ್ರೆಗೆ ದುಡ್ಡು ಕೂಡಿಸೋದು. ದೊಡ್ಡ ಯೂನಿವರ್ಸಿಟಿಗಳನ್ನ ಕರೆಯೋ ಶಕ್ತಿ ಇರಲಿಲ್ಲ, ಸಣ್ಣ ಕಾಲೇಜುಗಳನ್ನೇ ಕರೆದ್ರು. ಅದೇ ಇದರ ಸೊಗಸು.

ಹೆಸರಿನ ಬಗ್ಗೆ ಒಂದು ಮಾತು. ಟ್ಯಾಂಜರಿನ್ ಅಂದ್ರೆ ನಮ್ಮ ಕೊಡಗಿನ ಕಿತ್ತಳೆಯ ಬಳಗದ ಹಣ್ಣು. ಉಗುರು ತಾಗಿಸಿದ್ರೆ ಸಿಪ್ಪೆ ಬಿಟ್ಕೊಳ್ಳುತ್ತೆ, ತೊಳೆ ಬೇರೆ ಬೇರೆ ಆಗುತ್ತೆ. ಒರ್ಲ್ಯಾಂಡೊ ಸುತ್ತಮುತ್ತ ಆಗೆಲ್ಲಾ ಬರೀ ಕಿತ್ತಳೆ ತೋಟ. 1983ರಲ್ಲಿ ಈ ಆಟದ ಹೆಸರು ಫ್ಲೋರಿಡಾ ಸಿಟ್ರಸ್ ಬೌಲ್ ಅಂತ ಬದಲಾಯ್ತು. ಡಿಸೆಂಬರ್ 17ಕ್ಕೆ ಆ ಹೆಸರಲ್ಲಿ ಮೊದಲನೇ ಮ್ಯಾಚು, ಅದಾಗಿ ಒಂದು ವಾರಕ್ಕೆ, ಕ್ರಿಸ್‌ಮಸ್ ಹೊತ್ತಿಗೆ, ಹೆಪ್ಪುಗಟ್ಟೋ ಚಳಿ ಬಿದ್ದು ತೋಟಗಳು ಸುಟ್ಟಂಗಾದವು. 1985ರ ಜನವರಿಲಿ ಮತ್ತೊಂದ್ಸಲ, 1989ರ ಡಿಸೆಂಬರಲ್ಲಿ ಇನ್ನೊಂದ್ಸಲ. ಎಷ್ಟೋ ಜನ ಮತ್ತೆ ಗಿಡ ನೆಡಲೇ ಇಲ್ಲ, ಅಲ್ಲೆಲ್ಲಾ ಮನೆಗಳೆದ್ದವು. ಅಯ್ಯೋ, ಶಾಟ್ ಮುಂದೆ ಹೋಯ್ತು, ವಾಪಸ್ ಆಟಕ್ಕೆ ಬರೋಣ.

ಪರದೆ ಮೇಲಿರೋ ಹಳೇ ಸ್ಕೋರುಗಳನ್ನ ಗಮನಿಸಿ. 1949ರಲ್ಲಿ 21–21, 1954ರಲ್ಲಿ 7–7, 1956ರಲ್ಲಿ 6–6. ಆಗ ಓವರ್‌ಟೈಮ್ ಇರಲಿಲ್ಲ, ಸಮ ಅಂದ್ರೆ ಸಮವೇ, ಎರಡೂ ತಂಡದವರು ಬಸ್ಸು ಹತ್ತಿ ಊರಿಗೆ. ಟಚ್‌ಡೌನಿಗೆ, ಅಂದ್ರೆ ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸಿದ್ರೆ, 6 ಪಾಯಿಂಟ್, ಆಮೇಲೆ ಒದ್ದು ಕಂಬಗಳ ಮಧ್ಯೆ ದಾಟಿಸಿದ್ರೆ 1. ಒದೆಯೋ ಬದಲು ಚೆಂಡು ಹಿಡಿದು ಒಳಗೆ ನುಗ್ಗಿ 2 ಪಾಯಿಂಟ್ ತಗೊಳ್ಳೋ ನಿಯಮ ಕಾಲೇಜು ಆಟಕ್ಕೆ ಬಂದಿದ್ದೇ 1958ರಲ್ಲಿ. 1955ರಲ್ಲಿ ಒಮಾಹ 7, ಈಸ್ಟರ್ನ್ ಕೆಂಟಕಿ 6. ಇಡೀ ಸೀಸನ್ ಆಡ್ಕೊಂಡು ಬಂದು ಒಂದು ಪಾಯಿಂಟಲ್ಲಿ ಸೋಲೋದು, ನೆನೆಸಿಕೊಂಡ್ರೇ ಸಂಕಟ ಆಗುತ್ತೆ.

ಈಗ ಬರೋದು 1958. ಇಲ್ಲಿ ಸ್ವಲ್ಪ ನಿಲ್ಲೋಣ.

ಆ ವರ್ಷ ನ್ಯೂಯಾರ್ಕ್ ರಾಜ್ಯದ ಬಫಲೋ ಯೂನಿವರ್ಸಿಟಿ 8 ಗೆದ್ದು 1 ಸೋತಿತ್ತು. ಪೂರ್ವ ಭಾಗದ ಅತ್ಯುತ್ತಮ ಸಣ್ಣ ಕಾಲೇಜು ತಂಡಕ್ಕೆ ಕೊಡೋ ಲ್ಯಾಂಬರ್ಟ್ ಕಪ್ ಅವರಿಗೇ ಸಿಕ್ತು. ಟ್ಯಾಂಜರಿನ್ ಬೌಲಿಂದ ಕರೆ ಬಂತು, ಆ ಯೂನಿವರ್ಸಿಟಿಗೆ ಬಂದ ಮೊಟ್ಟಮೊದಲ ಬೌಲ್ ಆಹ್ವಾನ ಅದು. ಆದ್ರೆ ಸ್ಟೇಡಿಯಂ ಗುತ್ತಿಗೆ ಇದ್ದಿದ್ದು ಒರ್ಲ್ಯಾಂಡೊದ ಹೈಸ್ಕೂಲುಗಳ ಕ್ರೀಡಾ ಸಂಘದ ಕೈಲಿ. ಕರಿಯರು ಬಿಳಿಯರು ಒಂದೇ ಮೈದಾನದಲ್ಲಿ ಆಡಬಾರದು ಅನ್ನೋದು ಅವರ ನಿಯಮ. ಬಫಲೋ ತಂಡದಲ್ಲಿ ಇಬ್ಬರು ಕಪ್ಪು ಆಟಗಾರರಿದ್ರು: ಚೆಂಡು ಹಿಡಿದು ಓಡೋ ಹಾಫ್‌ಬ್ಯಾಕ್ ವಿಲ್ಲಿ ಇವಾನ್ಸ್, ಡಿಫೆನ್ಸಲ್ಲಿ ಆಡ್ತಿದ್ದ ಮೈಕ್ ವಿಲ್ಸನ್. ಅವರಿಬ್ಬರನ್ನ ಬಿಟ್ಟು ಬಂದ್ರೆ ಆಡಬಹುದಿತ್ತು.

ತೀರ್ಮಾನವನ್ನ ಹುಡುಗರಿಗೇ ಬಿಟ್ರು. ತಂಡದಲ್ಲಿ ಒಬ್ಬರೂ ಹಿಂಜರಿಯದೆ ಬೇಡ ಅಂದ್ರು. ಬಫಲೋ ಅಂದ್ರೆ ಡಿಸೆಂಬರಲ್ಲಿ ಹಿಮ ಸುರಿಯೋ ಊರು. ಫ್ಲೋರಿಡಾದ ಬಿಸಿಲು, ಜೀವನದಲ್ಲಿ ಒಂದ್ಸಲ ಸಿಗೋ ಆಟ, ಎಲ್ಲಾನೂ 20 ವರ್ಷದ ಹುಡುಗರು ಇಬ್ಬರು ಗೆಳೆಯರಿಗೋಸ್ಕರ ಬಿಟ್ಟುಕೊಟ್ರು. ಈ ಬೌಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗಂತೂ ಕಾಣಲ್ಲ. ಅವರ ಜಾಗಕ್ಕೆ ಮಿಸೌರಿ ವ್ಯಾಲಿ ಬಂತು, ಈಸ್ಟ್ ಟೆಕ್ಸಸ್ ಸ್ಟೇಟ್ ಕೈಲಿ 26–7ಕ್ಕೆ ಸೋತು ಹೋಯ್ತು.

ಇದರಲ್ಲಿ ಎಲ್ಕ್ಸ್‌ನವರದ್ದೇನೂ ತಪ್ಪಿಲ್ಲ, ಗುತ್ತಿಗೆ ಇದ್ದಿದ್ದು ಬೇರೆಯವರ ಹತ್ರ... ಇಲ್ಲ, ಆ ಮಾತು ವಾಪಸ್ ತಗೋತೀನಿ. ಎಲ್ಕ್ಸ್ ಸಂಘದಲ್ಲೇ 1973ರ ತನಕ ಬಿಳಿಯರಿಗೆ ಮಾತ್ರ ಸದಸ್ಯತ್ವ. ಆಸ್ಪತ್ರೆಗೆ ದುಡ್ಡು ಕೂಡಿಸಿದ್ದೂ ನಿಜ, ಇದೂ ನಿಜ.

ಸರಿ, ಮುಂದಿನ ಶಾಟ್. 1964ರಿಂದ ಇದು ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನ ನಡೆಸೋ ಸಂಸ್ಥೆ, ಸಣ್ಣ ಕಾಲೇಜುಗಳಿಗೆ ಮಾಡಿದ್ದ ಕಾಲೇಜ್ ಡಿವಿಷನ್ನಿನ ನಾಲ್ಕು ಪ್ರಾದೇಶಿಕ ಬೌಲುಗಳಲ್ಲಿ ಒಂದಾಯ್ತು. ಉಳಿದ ಮೂರು ಗ್ರಾಂಟ್‌ಲೆಂಡ್ ರೈಸ್, ಪೆಕಾನ್, ಕಮೀಲಿಯಾ. ನಾಲ್ಕು ಕಡೆ ನಾಲ್ಕು ವಿಜೇತರು, ಅವರವರ ನಡುವೆ ಮತ್ತೆ ಆಟ ಇಲ್ಲ. ನನಗೆ ಇದು ಸರಿ ಕಾಣಲ್ಲ, ನಾಲ್ವರನ್ನೂ ಆಡಿಸಬೇಕಿತ್ತು. 1973ರಲ್ಲಿ ಡಿವಿಷನ್ 2, ಡಿವಿಷನ್ 3 ಅಂತ ವಿಂಗಡಿಸಿ, ಸೋತವರು ಹೊರಗೆ ಹೋಗೋ ಪ್ಲೇಆಫ್ ತಂದ ಮೇಲೆನೇ ಮೈದಾನದಲ್ಲಿ ಚಾಂಪಿಯನ್ ತೀರ್ಮಾನ ಆಗೋಕೆ ಶುರುವಾಗಿದ್ದು.

1966 ಮಾತ್ರ ಬಿಡೋ ಹಾಗಿಲ್ಲ. ಬಣ್ಣ ನೋಡಿ ಭೇದ ಮಾಡೋದನ್ನ ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಎರಡು ವರ್ಷ ಆಗಿತ್ತು. ಬಾಲ್ಟಿಮೋರಿನ ಮೋರ್ಗನ್ ಸ್ಟೇಟ್, ಕಪ್ಪು ಜನರ ಕಾಲೇಜು, ಕೋಚ್ ಅರ್ಲ್ ಬ್ಯಾಂಕ್ಸ್ ಜೊತೆ ಇದೇ ಸ್ಟೇಡಿಯಮ್ಮಿಗೆ ಬಂದು ವೆಸ್ಟ್ ಚೆಸ್ಟರನ್ನ 14–6ಕ್ಕೆ ಸೋಲಿಸ್ತು. ಆ ಮೋರ್ಗನ್ ತಂಡದ ಡಿಫೆನ್ಸಲ್ಲಿ ಲೈನ್‌ಬ್ಯಾಕರ್ ಆಗಿದ್ದ ವಿಲ್ಲಿ ಲೇನಿಯರ್ ಆಮೇಲೆ ವೃತ್ತಿಪರ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಆಡಿ, 1986ರಲ್ಲಿ ವೃತ್ತಿಪರ ಫುಟ್ಬಾಲಿನ ಹಾಲ್ ಆಫ್ ಫೇಮ್ ಸೇರಿದ್ರು. ಎಂಟು ವರ್ಷ ಮುಂಚೆ ಇದೇ ಹುಲ್ಲಿನ ಮೇಲೆ ಅವರು ಬಿಳಿ ಆಟಗಾರರ ಎದುರು ನಿಲ್ಲೋ ಹಾಗೇ ಇರಲಿಲ್ಲ.

1968ಕ್ಕೆ ದೊಡ್ಡ ತಂಡಗಳು ಬಂದ್ವು, ರಿಚ್ಮಂಡ್ 49, ಒಹಾಯೊ 42. ಸಣ್ಣ ಕಾಲೇಜುಗಳ ಆಟ ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಬೌಲಿಗೆ ಹೋಯ್ತು, ಅದು ಸೂರಿನ ಕೆಳಗೆ ಆಡೋ ಆಟ.

ಮತ್ತೆ ಬಫಲೋ. 1970ರ ಸೀಸನ್ ಆದ ಮೇಲೆ ಫುಟ್ಬಾಲನ್ನೇ ನಿಲ್ಲಿಸಿ 1977ರಲ್ಲಿ ಮತ್ತೆ ಶುರು ಮಾಡಿದ್ರು. ಬೌಲ್ ಆಡೋಕೆ ಸಿಕ್ಕಿದ್ದು 2009ರ ಜನವರಿ 3ಕ್ಕೆ, ಟೊರಾಂಟೊದಲ್ಲಿ, ಐವತ್ತು ವರ್ಷ ಕಾದ ಮೇಲೆ. ಕನೆಕ್ಟಿಕಟ್ ಎದುರು 38–20ಕ್ಕೆ ಸೋತರು. ಗೆದ್ದಿದ್ದು 2019ರ ಡಿಸೆಂಬರಲ್ಲಿ, ಬಹಾಮಾಸ್ ಬೌಲಲ್ಲಿ, ಶಾರ್ಲಟ್ ಎದುರು 31–9.