ನೈಟ್ ಗಾರ್ಡ್ ಹಲ್ಲು ಉಳಿಸುತ್ತೆ, ಕಡಿಯೋದನ್ನು ನಿಲ್ಲಿಸಲ್ಲ

ನಿದ್ದೆಯಲ್ಲಿ ಹಲ್ಲು ಕಡಿಯೋರಿಗೆ ಸಾಮಾನ್ಯವಾಗಿ ಸಿಗೋ ಉತ್ತರ ಎರಡೇ. ಒಂದು, "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ". ಇನ್ನೊಂದು, "ನೈಟ್ ಗಾರ್ಡ್ ಹಾಕ್ಕೊಳ್ಳಿ", ಅಂದರೆ ಮಲಗುವಾಗ ಹಲ್ಲಿನ ಮೇಲೆ ಹಾಕೋ ಕವಚ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಹಲ್ಲಿನ ಅಳತೆ ತೆಗೆಯೋಕೆ ಮುಂಚೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಈ ಮನುಷ್ಯನ ನಿದ್ದೆ ರಾತ್ರಿ ಪದೇ ಪದೇ ಯಾಕೆ ಕದಡ್ತಿದೆ? ಅದನ್ನು ಕೇಳದೆ ಗಾರ್ಡ್ ಕೊಟ್ಟು ಕಳಿಸೋದು ಅರ್ಧ ಚಿಕಿತ್ಸೆ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಯಾಕೆ ಅಂತ ನೋಡೋಣ. ಹಲ್ಲು ಕಡಿಯೋದು ಹೆಚ್ಚಾಗಿ ಹಗುರ ನಿದ್ದೆಯಲ್ಲಿ ಆಗುತ್ತೆ. ಆ ಹೊತ್ತಲ್ಲಿ ಮೆದುಳು 3ರಿಂದ 15 ಸೆಕೆಂಡ್ ಮಟ್ಟಿಗೆ ಅರೆ ಎಚ್ಚರವಾಗುತ್ತೆ. ಮಲಗಿದವರಿಗೆ ಅದು ಗೊತ್ತೂ ಆಗಲ್ಲ. ದವಡೆ ಅಲ್ಲಾಡೋದಕ್ಕೆ ಸುಮಾರು 4 ಸೆಕೆಂಡ್ ಮೊದಲೇ ಮೆದುಳಿನ ಅಲೆಗಳು ಚುರುಕಾಗುತ್ತವೆ, ಆಮೇಲೆ ಎದೆಬಡಿತ ಏರುತ್ತೆ, ಕೊನೆಗೆ ದವಡೆಯ ಸ್ನಾಯು ಬಿಗಿಯುತ್ತೆ. ಅಂದರೆ ಹಲ್ಲಿನ ಸದ್ದು ಈ ಸರಣಿಯ ಕೊನೇ ಹಂತ. ಹಲ್ಲು ಕಡಿಯದವರ ದವಡೆ ಸ್ನಾಯುವೂ ರಾತ್ರಿ ಆಗಾಗ ಮಿಡಿಯುತ್ತೆ. ಕಡಿಯೋರಲ್ಲಿ ಅದು ಹೆಚ್ಚು ಸಲ, ಹೆಚ್ಚು ಜೋರಾಗಿ ಆಗುತ್ತೆ. ಬೇರೆ ತೊಂದರೆ ಇಲ್ಲದ ಆರೋಗ್ಯವಂತರಲ್ಲಿ ಇದನ್ನು ಕಾಯಿಲೆ ಅಂತ ಕರೆಯೋದು ಬೇಡ, ದೇಹದ ಒಂದು ಚಟುವಟಿಕೆ ಅಂತ ನೋಡಿ ಅಂತ 2018ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೇ ಒಮ್ಮತಕ್ಕೆ ಬಂತು. ನೋವಿಲ್ಲ, ಹಲ್ಲು ಸವೆದಿಲ್ಲ, ನಿದ್ದೆ ಚೆನ್ನಾಗಿದೆ ಅಂದರೆ ಗಮನ ಇಟ್ಟಿದ್ದರೆ ಸಾಕು.

ನಿಮಗೆ ಇದು ಇದೆಯಾ ಅಂತ ಹೇಗೆ ತಿಳಿಯೋದು? ಪಕ್ಕದಲ್ಲಿ ಮಲಗೋರನ್ನು ಕೇಳಿ. ಬೆಳಗ್ಗೆ ಎದ್ದ ತಕ್ಷಣ ಗಮನಿಸಿ: ಕಣತಲೆಯಲ್ಲಿ ನೋವು, ಕೆನ್ನೆಯಲ್ಲಿ ಬಿಗಿತ, ಬಾಯಿ ತೆರೆಯೋಕೆ ಕಷ್ಟ, ಇವು ಹೊತ್ತೇರಿದಂತೆ ಕಡಿಮೆಯಾದರೆ ರಾತ್ರಿಯ ಕೆಲಸ ಅಂತ ಅನುಮಾನ ಪಡಬಹುದು. ಬೆರಳುಗಳನ್ನು ಕೆನ್ನೆಯ ಹಿಂಭಾಗದಲ್ಲಿ, ದವಡೆಯ ಮೂಲೆಗೆ ಸ್ವಲ್ಪ ಮೇಲೆ ಇಟ್ಟು ಹಲ್ಲು ಕಚ್ಚಿ. ಉಬ್ಬಿ ಬರುತ್ತಲ್ಲ, ಅದೇ ಮ್ಯಾಸೆಟರ್ ಸ್ನಾಯು. ಸುಮ್ಮನೆ ಒತ್ತಿದರೂ ಅಲ್ಲಿ ನೋಯುತ್ತಾ ನೋಡಿ. ನಾಲಿಗೆಯ ಅಂಚಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಉದ್ದಕ್ಕೆ ಬಿಳಿ ಗೆರೆ ಇದ್ದರೆ ಅವೂ ಸುಳಿವುಗಳೇ, ಆದರೆ ಹಗಲಲ್ಲಿ ಹಲ್ಲು ಬಿಗಿಹಿಡಿಯೋರಿಗೂ ಇವು ಇರುತ್ತವೆ.

ಸವೆದ ಹಲ್ಲನ್ನು ನೋಡಿ ಮಾತ್ರ ತೀರ್ಪು ಕೊಡಬಾರದು. ಆ ಸವೆತ ಹತ್ತು ವರ್ಷದ ಹಿಂದಿನದೂ ಇರಬಹುದು, ಈಗ ಕಡಿಯೋದು ನಿಂತೇ ಹೋಗಿರಬಹುದು. ಮೇಲಿನ ಮತ್ತು ಕೆಳಗಿನ ಹಲ್ಲುಗಳಲ್ಲಿ ಒಂದಕ್ಕೊಂದು ಸರಿಯಾಗಿ ಕೂರುವಂತೆ ಚಪ್ಪಟೆ, ಹೊಳೆಯುವ ಜಾಗಗಳಿದ್ದರೆ ಅದು ತಿಕ್ಕಾಟದ ಸವೆತ. ಹಲ್ಲಿನ ತುದಿಯಲ್ಲಿ ನುಣುಪಾದ ಚಿಕ್ಕ ಗುಳಿಗಳಿದ್ದರೆ ಆಮ್ಲವನ್ನು ಅನುಮಾನಿಸಬೇಕು. ಹುಳಿ ಪಾನೀಯ ಅಥವಾ ಹೊಟ್ಟೆಯಿಂದ ಮೇಲೆ ಬರೋ ಆ್ಯಸಿಡ್ ಅದಕ್ಕೆ ಕಾರಣವಾಗಿರುತ್ತೆ. ಎರಡೂ ಸೇರಿದರೆ ಸವೆತ ಬಲು ಬೇಗ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್ ಹೋದರೆ ಮತ್ತೆ ಬೆಳೆಯಲ್ಲ, ಅದರ ಕೆಳಗಿನ ಪದರ ಡೆಂಟಿನ್ ಅದಕ್ಕಿಂತ ತುಂಬಾ ಮೆತ್ತಗೆ.

ಈಗ ನಿದ್ದೆಯ ಪ್ರಶ್ನೆಗೆ ಬರೋಣ. ಗೊರಕೆ ಇದೆಯಾ? ಉಸಿರು ನಿಂತು ಮತ್ತೆ ಏದುಸಿರಲ್ಲಿ ಶುರುವಾಗುತ್ತಾ? ಎಷ್ಟು ಮಲಗಿದರೂ ಹಗಲಲ್ಲಿ ತೂಕಡಿಕೆನಾ? ಹೌದು ಅಂದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲೋ ತೊಂದರೆ, ಇದೆಯಾ ಅಂತ ಮೊದಲು ಪರೀಕ್ಷೆ ಆಗಬೇಕು. ಹಲ್ಲು ಕಡಿಯೋ ಎಲ್ಲರಿಗೂ ಆಪ್ನಿಯಾ ಇರಲ್ಲ, ಆದರೆ ಇದ್ದವರಿಗೆ ಮೇಲಿನ ದವಡೆಗೆ ಹಾಕೋ ಸಾಮಾನ್ಯ ಗಾರ್ಡ್‌ನಿಂದ ಕೆಲವೊಮ್ಮೆ ಉಸಿರಾಟ ಇನ್ನೂ ಕೆಡುತ್ತೆ. ಅಂಥವರಿಗೆ ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿಯೋ ಬೇರೆ ಥರದ ಸಾಧನ ಇದೆ. ಅದು ಉಸಿರಿನ ದಾರಿ ತೆರೆಯುತ್ತೆ, ಕಡಿಯೋದನ್ನೂ ತಗ್ಗಿಸುತ್ತೆ. ಈ ಒಂದು ಪ್ರಶ್ನೆ ಬಿಟ್ಟುಹೋದಾಗ ಆಗೋ ನಷ್ಟ ಬರೀ ಹಲ್ಲಿನದಲ್ಲ, ಹೃದಯದ್ದು, ರಕ್ತದೊತ್ತಡದ್ದು.

ಎರಡನೇದು ಔಷಧಿ. ಖಿನ್ನತೆ, ಆತಂಕಕ್ಕೆ ಕೊಡೋ ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ವೆನ್ಲಾಫಾಕ್ಸಿನ್‌ನಂಥ ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಹಲ್ಲು ಕಡಿಯೋದು ಶುರುವಾದರೆ ಆ ದಿನಾಂಕಗಳನ್ನು ಬರೆದುಕೊಂಡು ಡಾಕ್ಟರ್‌ಗೆ ತೋರಿಸಿ. ಪ್ರಮಾಣ ಬದಲಿಸಬಹುದು, ಮಾತ್ರೆ ಬದಲಿಸಬಹುದು. ನೀವೇ ನಿಲ್ಲಿಸಬೇಡಿ, ಅದು ಹಲ್ಲಿಗಿಂತ ದೊಡ್ಡ ಅಪಾಯ. ಇನ್ನು ರಾತ್ರಿಯ ಮದ್ಯ, ಸಿಗರೇಟು, ದಿನಕ್ಕೆ ಹಲವು ಕಪ್ ಕಾಫಿ, ಈ ಮೂರೂ ಇದನ್ನು ಹೆಚ್ಚಿಸುತ್ತವೆ. ಎರಡು ವಾರ ಮಧ್ಯಾಹ್ನದ ನಂತರ ಕಾಫಿ ಬಿಟ್ಟು, ಮದ್ಯ ಬಿಟ್ಟು ಬೆಳಗಿನ ನೋವು ಹೇಗಿದೆ ಅಂತ ನೋಡಿ.

ಇಷ್ಟಾದ ಮೇಲೆ ಗಾರ್ಡ್. ಅದು ಬೇಡ ಅಂತ ನಾನು ಹೇಳ್ತಿಲ್ಲ. ಹಲ್ಲು ಸವೀತಿದ್ದರೆ, ಫಿಲ್ಲಿಂಗ್ ಒಡೀತಿದ್ದರೆ ಬೇಕೇ ಬೇಕು. ಆದರೆ ಯಾವುದು ಅನ್ನೋದರಲ್ಲಿ ಎಲ್ಲ ಇದೆ. ಗಟ್ಟಿ ಆ್ಯಕ್ರಿಲಿಕ್‌ನದು, ಒಂದು ದವಡೆಯ ಎಲ್ಲ ಹಲ್ಲನ್ನೂ ಮುಚ್ಚೋದು, ನಿಮ್ಮ ಬಾಯಿಯ ಅಳತೆಗೇ ಮಾಡಿದ್ದು, ಹಿಂಬದಿಯಲ್ಲಿ ಸುಮಾರು 2 ಮಿಲಿಮೀಟರ್ ದಪ್ಪ ಇರೋದು. ಹಾಕಿಸಿಕೊಳ್ಳೋ ದಿನ ಡೆಂಟಿಸ್ಟ್ ಬಣ್ಣದ ಕಾಗದ ಇಟ್ಟು ಕಚ್ಚಿಸ್ತಾರೆ. ಗಾರ್ಡ್ ಮೇಲೆ ಬೀಳೋ ಚುಕ್ಕಿಗಳು ಎಡಬಲ ಎರಡೂ ಕಡೆ ಸಮವಾಗಿ ಇರಬೇಕು. ದವಡೆಯನ್ನು ಪಕ್ಕಕ್ಕೆ ಜಾರಿಸಿದಾಗ ಸಾಮಾನ್ಯವಾಗಿ ಕೋರೆಹಲ್ಲಿನ ಜಾಗದಲ್ಲಿ ಮಾತ್ರ ಗೆರೆ ಬೀಳಬೇಕು, ಹಿಂದಿನ ದವಡೆಹಲ್ಲುಗಳು ಬಿಡಿಸಿಕೊಳ್ಳಬೇಕು. ಈ ಪರೀಕ್ಷೆ ಮಾಡದೆ ಕೈಗೆ ಕೊಟ್ಟರೆ "ಕಚ್ಚಿ ನೋಡೋಣವಾ" ಅಂತ ನೀವೇ ಕೇಳಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳೋ ರೆಡಿಮೇಡ್ ಗಾರ್ಡ್ ಕೆಲವು ವಾರಕ್ಕೆ ಪರವಾಗಿಲ್ಲ, ಆದರೆ ಮೆತ್ತನೆಯದನ್ನು ಕೆಲವರು ಜಗಿಯೋಕೇ ಶುರು ಮಾಡ್ತಾರೆ, ಸ್ನಾಯು ಇನ್ನೂ ದುಡಿಯುತ್ತೆ. ಮುಂದಿನ ಹಲ್ಲಿಗೆ ಮಾತ್ರ ಕೂರೋ ಪುಟ್ಟ ಸಾಧನವನ್ನು ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ಹಲ್ಲುಗಳು ಮೇಲೆದ್ದು ಕಚ್ಚುವಿಕೆಯೇ, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡೋ ರೀತಿಯೇ, ಬದಲಾಗಬಹುದು.

ಗಾರ್ಡ್ ತೊಳೆಯೋಕೆ ತಣ್ಣೀರು, ಮೆತ್ತನೆ ಬ್ರಷ್, ಸ್ವಲ್ಪ ಸೋಪು. ಬಿಸಿನೀರು ಹಾಕಿದರೆ ಆಕಾರ ಕೆಡುತ್ತೆ. ಬೆಳಗ್ಗೆ ತೆಗೆದಾಗ ಹಲ್ಲು ಕೂರೋದು ಸ್ವಲ್ಪ ಹೊತ್ತು ಬೇರೆ ಥರ ಅನಿಸಬಹುದು. ದಿನವಿಡೀ ಹಾಗೇ ಇದ್ದರೆ ಹಾಕೋದು ನಿಲ್ಲಿಸಿ ತೋರಿಸಿ.

ಒಂದು ವಿಷಯದಲ್ಲಿ ನನಗೆ ರಾಜಿ ಇಲ್ಲ. "ಕಚ್ಚುವಿಕೆ ಸರಿಯಿಲ್ಲ, ಅದಕ್ಕೇ ಕಡಿಯುತ್ತೀರಿ" ಅಂತ ಆರೋಗ್ಯವಾಗಿರೋ ಹಲ್ಲನ್ನು ಉಜ್ಜಿ ಸಮ ಮಾಡೋಕೆ ಹೊರಟರೆ ಒಪ್ಪಬೇಡಿ. ಹಲ್ಲು ಕಡಿಯೋದು ಕಚ್ಚುವಿಕೆಯಿಂದ ಹುಟ್ಟಲ್ಲ, ಉಜ್ಜಿದ ಎನಾಮೆಲ್ ವಾಪಸ್ ಬರಲ್ಲ. ದವಡೆಯ ಸ್ನಾಯುವನ್ನು ಸಡಿಲಿಸೋ ಬೊಟಾಕ್ಸ್ ಚುಚ್ಚುಮದ್ದು ಹಾಗಲ್ಲ, ಅದರ ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತೆ. ಅದು ಕಡಿತದ ಜೋರು ತಗ್ಗಿಸುತ್ತೆ, ಎಷ್ಟು ಸಲ ಅನ್ನೋದನ್ನಲ್ಲ. ಉಳಿದದ್ದು ಫಲಿಸದೆ ತೀವ್ರ ನೋವಿರೋರಿಗೆ ಮಾತ್ರ ಯೋಚಿಸಬೇಕಾದ್ದು.

ಹಗಲಲ್ಲಿ ಹಲ್ಲು ಒಂದಕ್ಕೊಂದು ತಾಗಬೇಕಾದ್ದು ಜಗಿಯುವಾಗ, ನುಂಗುವಾಗ ಅಷ್ಟೇ. ಉಳಿದ ಹೊತ್ತು ತುಟಿ ಮುಚ್ಚಿರಲಿ, ಹಲ್ಲುಗಳ ಮಧ್ಯೆ 2ರಿಂದ 4 ಮಿಲಿಮೀಟರ್ ಬಿಡುವಿರಲಿ, ನಾಲಿಗೆ ತುದಿ "ಲ" ಅನ್ನುವಾಗ ಮುಟ್ಟೋ ಜಾಗದಲ್ಲಿರಲಿ. ಗಂಟೆಗೊಮ್ಮೆ ಫೋನಲ್ಲಿ ಗಂಟೆ ಬಾರಿಸೋ ಹಾಗೆ ಇಟ್ಟುಕೊಂಡು ನೋಡಿ, ಎಷ್ಟು ಸಲ ಹಲ್ಲು ಬಿಗಿಹಿಡಿದಿರುತ್ತೀರಿ ಅಂತ ನಿಮಗೇ ಆಶ್ಚರ್ಯ ಆಗುತ್ತೆ. ಕೆನ್ನೆ ನೋಯುತ್ತಿದ್ದರೆ 15 ನಿಮಿಷ ಬೆಚ್ಚನೆ ಒದ್ದೆ ಬಟ್ಟೆ ಇಡಿ, ಚೂಯಿಂಗ್ ಗಮ್ ಬಿಡಿ.

ಮಕ್ಕಳ ವಿಷಯ ಬೇರೆ. ಅವರಲ್ಲಿ ಇದು ದೊಡ್ಡವರಿಗಿಂತ ಹೆಚ್ಚು, ಬಹುಪಾಲು ಮಕ್ಕಳಲ್ಲಿ ದೊಡ್ಡವರಾಗ್ತಾ ತಾನಾಗೇ ನಿಂತುಹೋಗುತ್ತೆ. ದವಡೆ ಬೆಳೆಯೋ ವಯಸ್ಸಲ್ಲಿ ಸಾಮಾನ್ಯವಾಗಿ ಗಾರ್ಡ್ ಹಾಕಲ್ಲ. ಆದರೆ ಮಗು ಬಾಯಲ್ಲಿ ಉಸಿರಾಡಿದರೆ, ಗೊರಕೆ ಹೊಡೆದರೆ ಟಾನ್ಸಿಲ್, ಮೂಗಿನ ಹಿಂಭಾಗದಲ್ಲಿರೋ ಅಡಿನಾಯ್ಡ್ ಪರೀಕ್ಷೆ ಮಾಡಿಸಿ.

ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಲ್ಲಿ ಹಿಡಿಸದಷ್ಟು ದವಡೆ ಬಿಗಿದಿದ್ದರೆ, ಅಥವಾ ತೆರೆದ ಬಾಯಿ ಸಿಕ್ಕಿಕೊಂಡರೆ ತಡಮಾಡಬೇಡಿ. ಗಟ್ಟಿಯಾದ್ದನ್ನು ಕಚ್ಚಿ ಬಿಟ್ಟ ಕ್ಷಣದಲ್ಲಿ ಒಂದೇ ಹಲ್ಲಲ್ಲಿ ಚುಳುಕ್ ಅಂದರೆ ಅಲ್ಲಿ ಬಿರುಕು ಇರೋ ಸಾಧ್ಯತೆ ಇದೆ. ಆ ಬಿರುಕು ಬೇರಿಗೆ ಇಳಿಯೋಕೆ ಮುಂಚೆ ಸಿಕ್ಕರೆ ಕ್ಯಾಪ್ ಹಾಕಿ ಹಲ್ಲು ಉಳಿಸಿಕೊಳ್ಳಬಹುದು, ಇಳಿದ ಮೇಲೆ ಹೆಚ್ಚಾಗಿ ಕೀಳಲೇಬೇಕಾಗುತ್ತೆ.