ಕೈಬರಹದ ಫಾಂಟ್ ಎಲ್ಲಿ ಸಿಕ್ಕಿಬೀಳುತ್ತದೆ? ‘ಮಮತೆಯ ಕರೆಯೋಲೆ’ಯ ಎರಡು ‘ಮ’ಗಳು

[ತೆರೆಯ ಮೇಲೆ: ಗೃಹಪ್ರವೇಶದ ಆಮಂತ್ರಣ ಪತ್ರಿಕೆ, ತೀರ ಹತ್ತಿರದಿಂದ]

ನಮಸ್ಕಾರ. ಈ ಪತ್ರಿಕೆಯನ್ನು ನಮ್ಮ ವೀಕ್ಷಕಿಯೊಬ್ಬರು ಕಳುಹಿಸಿದ್ದಾರೆ. ಮನೆಯ ಗೃಹಪ್ರವೇಶಕ್ಕೆಂದು ತಾವೇ ವಿನ್ಯಾಸ ಮಾಡಿ, ನೆತ್ತಿಯ ಮೇಲೆ ‘ಮಮತೆಯ ಕರೆಯೋಲೆ’ ಎಂಬುದನ್ನು ಕೈಬರಹದ ಫಾಂಟಿನಲ್ಲಿ ಹಾಕಿದ್ದರಂತೆ. ಅವರ ಅಜ್ಜಿ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ‘ಚೆನ್ನಾಗಿದೆ ಕಣೇ, ಆದರೆ ಇದನ್ನು ಯಾರೂ ಬರೆದಿಲ್ಲವಲ್ಲ’ ಎಂದುಬಿಟ್ಟರಂತೆ. ಫಾಂಟ್ ಎಂಬ ಮಾತನ್ನೇ ಕೇಳಿರದ ಅಜ್ಜಿಗೆ ಅದು ಹೇಗೆ ತಿಳಿಯಿತು ಎಂಬುದು ಅವರ ಪ್ರಶ್ನೆ.

ಮೂಲ ಸಂಗತಿಗಳನ್ನು ಬೇಗನೆ ಮುಗಿಸಿಬಿಡೋಣ. ಅಚ್ಚಿನ ಅಕ್ಷರದ ಬಿಗುವನ್ನು ಬಿಟ್ಟು, ಪೆನ್ನಿನಲ್ಲೋ ಸ್ಕೆಚ್ ಪೆನ್ನಿನಲ್ಲೋ ಸಲೀಸಾಗಿ ಬರೆದಂತೆ ಕಾಣುವ ಫಾಂಟುಗಳಿವು. ಇವುಗಳಲ್ಲಿ ಅತ್ಯಂತ ಹೆಚ್ಚು ಬೈಸಿಕೊಂಡಿರುವುದು ಕಾಮಿಕ್ ಸಾನ್ಸ್. 1994ರಲ್ಲಿ ಮೈಕ್ರೋಸಾಫ್ಟಿನ ವಿನ್ಸೆಂಟ್ ಕೊನೇರ್ ಅವರು ಒಂದು ತಂತ್ರಾಂಶದಲ್ಲಿ ವ್ಯಂಗ್ಯಚಿತ್ರದ ನಾಯಿಯು ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿ ಮಾತನಾಡುವುದನ್ನು ಕಂಡು, ನಾಯಿಯ ಬಾಯಿಗೆ ಇಷ್ಟು ಗಂಭೀರ ಅಕ್ಷರ ಒಪ್ಪುವುದಿಲ್ಲವೆಂದು ಅದನ್ನು ರೂಪಿಸಿದರು. ನಾಯಿಗೆಂದು ಹುಟ್ಟಿದ ಈ ಅಕ್ಷರವೇ 2012ರ ಜುಲೈ 4ರಂದು ಭೌತವಿಜ್ಞಾನದ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಬೋಸಾನ್ ಎಂಬ ಕಣದ ಶೋಧವನ್ನು ಘೋಷಿಸಿದ ಸ್ಲೈಡುಗಳ ಮೇಲೂ ಇತ್ತು. ಅಂದು ಕಣಕ್ಕಿಂತ ಫಾಂಟಿನ ಬಗ್ಗೆಯೇ ಹೆಚ್ಚು ತಲೆಕೆಡಿಸಿಕೊಂಡವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಈಗ ಅಜ್ಜಿಯ ಕಣ್ಣಿನ ವಿಷಯಕ್ಕೆ ಬರೋಣ.

[ತೆರೆಯ ಮೇಲೆ: ‘ಮಮತೆಯ’ ಪದದ ಮೊದಲ ಎರಡು ಅಕ್ಷರಗಳು ದೊಡ್ಡದಾಗಿ, ಒಂದರ ಮೇಲೊಂದು ಬಂದು ಕೂರುತ್ತವೆ]

ಮೊದಲ ‘ಮ’ವನ್ನು ಎತ್ತಿ ಎರಡನೆಯದರ ಮೇಲೆ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತದೆ. ಬಾಲದ ಬಳುಕು ಅದೇ, ಶಾಯಿ ತೆಳುವಾದ ಜಾಗವೂ ಅದೇ. ಮನುಷ್ಯನ ಕೈ ಒಂದೇ ಅಕ್ಷರವನ್ನು ಬೆನ್ನಹಿಂದೆಯೇ ಎರಡು ಸಲ ಹೀಗೆ ಬರೆಯಲಾರದು. ಇದು ಇಷ್ಟಕ್ಕೇ ನಿಲ್ಲುವುದಿಲ್ಲ. ‘ತೆ’, ‘ರೆ’, ‘ಲೆ’ ಎಂಬ ಮೂರರ ಏತ್ವವೂ ಒಂದೇ ಕೊಕ್ಕೆ. ‘ಯೋ’ ಅಕ್ಷರದೊಳಗೂ ಅದೇ ಕೊಕ್ಕೆ ಅಡಗಿ ಕುಳಿತಿದೆ. ಎಂಟು ಅಕ್ಷರಗಳ ಬರಹದಲ್ಲಿ ಫಾಂಟು ಇಷ್ಟು ಕಡೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಟ್ಟಿದೆ.

ಅಂಗಳದಲ್ಲಿ ಕೈಯಿಂದ ಎಳೆದ ರಂಗೋಲಿಯನ್ನೂ ತೂತಿನ ಅಚ್ಚಿನಿಂದ ಪುಡಿ ಉದುರಿಸಿದ ರಂಗೋಲಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಅಚ್ಚಿನ ಹೂವು ಒಂದೇ ಇದ್ದರೆ ಯಾರಿಗೂ ತಿಳಿಯದು. ಸಾಲಾಗಿ ಐದು ಹೂವು ಬಿದ್ದ ಕೂಡಲೇ, ಎಲ್ಲದರಲ್ಲಿಯೂ ಎಡಗಡೆಯ ಮೂರನೆಯ ದಳವೇ ಮಸುಕಾಗಿರುವುದು ಕಣ್ಣಿಗೆ ಬೀಳುತ್ತದೆ. ಆ ಅಜ್ಜಿಯು ಜೀವಮಾನವಿಡೀ ರಂಗೋಲಿಯನ್ನು ಕಂಡವರು, ಅವರಿಗೆ ಫಾಂಟಿನ ಪಾಠ ಬೇಕಿರಲಿಲ್ಲ.

ಕನ್ನಡದಲ್ಲಿ ಈ ತೊಂದರೆಗೆ ಒಂದು ವಿಚಿತ್ರ ತಿರುವಿದೆ. ಇಂಗ್ಲಿಷಿನಲ್ಲಿ ಕೈಬರಹದ ಫಾಂಟನ್ನು ಜೋಡಿ ಅಕ್ಷರಗಳು ಹಿಡಿದುಕೊಡುತ್ತವೆ. ನಮ್ಮಲ್ಲಿ ‘ಅಮ್ಮ’ ಎಂದು ಬರೆದರೆ ಎರಡನೆಯ ಮಕಾರವು ಒತ್ತಾಗಿ ಬೇರೆಯದೇ ರೂಪ ತಾಳುವುದರಿಂದ ಫಾಂಟು ಬಚಾವಾಗುತ್ತದೆ. ಆದರೆ ‘ಪಟಪಟ’, ‘ಗಲಗಲ’, ‘ಥಳಥಳ’ ಎಂಬಂಥ ಅನುಕರಣ ಶಬ್ದಗಳು ನಮ್ಮಲ್ಲಿ ಮನೆಮಾತು. ಮಕ್ಕಳ ಹುಟ್ಟುಹಬ್ಬದ ಬ್ಯಾನರಿನಲ್ಲಿ ‘ಗಲಗಲ ಗೆಜ್ಜೆ’ ಎಂದು ಹಾಕಿಸಿದರೆ ಫಾಂಟು ಅಲ್ಲಿಯೇ ಸಿಕ್ಕಿಬಿದ್ದಿತೆಂದು ತಿಳಿಯಿರಿ.

ಇದಕ್ಕೆ ಫಾಂಟಿನೊಳಗೇ ಒಂದು ಪರಿಹಾರವುಂಟು. ಓಪನ್‌ಟೈಪ್ ಎಂಬ ಮಾದರಿಯ ಫಾಂಟಿನಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ರೂಪಗಳನ್ನು ಇರಿಸಿ, ಅಕ್ಕಪಕ್ಕದ ಅಕ್ಷರಗಳನ್ನು ನೋಡಿ ಬದಲಾಯಿಸಿ ಹಾಕು ಎಂಬ ನಿಯಮವನ್ನು ಬರೆಯಬಹುದು. ಇಂಗ್ಲಿಷಿನ 26 ಸಣ್ಣಕ್ಷರಗಳಿಗೆ ಮೂರು ರೂಪಗಳೆಂದರೆ 78 ಆಕೃತಿಗಳಾದವು. ಕನ್ನಡದ 34 ವ್ಯಂಜನಗಳಿಗೆ ತಲೆಕಟ್ಟಿನ ರೂಪ, ತಲೆಕಟ್ಟಿಲ್ಲದ ರೂಪ, ಗುಡಿಸಿನ ರೂಪ ಮತ್ತು ಒತ್ತಿನ ರೂಪ ಎಂದು ನಾಲ್ಕನ್ನು ಮಾತ್ರ ಹಿಡಿದರೂ 136 ಆಗುತ್ತದೆ. ಅದನ್ನು ಮೂರರಿಂದ ಗುಣಿಸಿದರೆ 408. ಸ್ವರಗಳು, ಅಂಕಿಗಳು, ಕೊಂಬು, ದೀರ್ಘ ಯಾವುವೂ ಇದರಲ್ಲಿ ಸೇರಿಲ್ಲ. ಉಚಿತವಾಗಿ ಸಿಗುವ ಕನ್ನಡ ಕೈಬರಹದ ಫಾಂಟುಗಳು ಏಕಿಷ್ಟು ಕಡಿಮೆ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಕೈಬರಹದ ಶೈಲಿಯ ‘ನವಿಲು’ ಮುಕ್ತವಾಗಿ ದೊರೆಯುತ್ತದೆ. ‘ಹುಬ್ಬಳ್ಳಿ’ ಹಾಗೂ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ ಗೂಗಲ್ ಫಾಂಟ್ಸ್‌ನಲ್ಲಿವೆ. ಇವೆರಡೂ ಹುಬೇಹೂಬು ಕೈಬರಹವಲ್ಲದಿದ್ದರೂ ಅದರ ಸಲಿಗೆ ಇವುಗಳಲ್ಲಿದೆ. ಕೈಬರಹವೆಂದು ಸುಳ್ಳು ಹೇಳದ ಇಂತಹ ಫಾಂಟುಗಳೇ ನನಗೆ ಹೆಚ್ಚು ಇಷ್ಟ.

[ತೆರೆಯ ಮೇಲೆ: ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾ]

ಹಾಗಾದರೆ ಆ ಪತ್ರಿಕೆಗೆ ಏನು ಮಾಡಬಹುದಿತ್ತು? ಡಿಟಿಪಿ ಅಂಗಡಿಯವರು ‘ಕರ್ವ್ ಮಾಡಿ’ ಎನ್ನುತ್ತಾರಲ್ಲ, ಅದನ್ನೇ ಮಾಡಬೇಕು. ಕೋರೆಲ್‌ಡ್ರಾದಲ್ಲಿ ಪದವನ್ನು ಆಯ್ದು ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಅಕ್ಷರಗಳು ಗೆರೆಗಳಾಗುತ್ತವೆ. ಎರಡನೆಯ ‘ಮ’ದ ಬಾಲದ ತುದಿಯನ್ನು ಹಿಡಿದು ತುಸು ಹೊರಕ್ಕೆ ಎಳೆದೆ, ಇಡೀ ಅಕ್ಷರವನ್ನು ಎರಡು ಡಿಗ್ರಿ ಓರೆಮಾಡಿ ಒಂದು ಎಳೆ ಕೆಳಗಿಳಿಸಿದೆ, ‘ಲೆ’ಯ ಏತ್ವವನ್ನು ಮಾತ್ರ ಉದ್ದಮಾಡಿದೆ, ಏಕೆಂದರೆ ಬರೆಯುವ ಕೈ ಕೊನೆಯ ಅಕ್ಷರಕ್ಕೆ ಬಂದಾಗ ಸಡಿಲವಾಗುತ್ತದೆ. ಐದು ನಿಮಿಷದ ಕೆಲಸವಿದು. ಆದರೆ ವಿಳಾಸ, ಮುಹೂರ್ತ, ಬಂಧುಗಳ ಹೆಸರುಗಳಿಗೆ ಈ ಫಾಂಟನ್ನು ಹಾಕಲೇಬೇಡಿರಿ. ಸಣ್ಣ ಅಳತೆಯಲ್ಲಿ ಒತ್ತುಗಳು ಕಲಸಿಹೋಗಿ, ಅತಿಥಿಗಳು ಪಕ್ಕದ ಬೀದಿಯ ಮನೆಗೆ ಹೋಗಿ ಊಟಕ್ಕೆ ಕುಳಿತಾರು.

ಸಮಯ ಮೀರುತ್ತಿರುವುದರಿಂದ ಕರಕುಶಲದವರ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಹೇಳಿಬಿಡುತ್ತೇನೆ. ಫೋಟೊಶಾಪಿನಲ್ಲಿ ಒತ್ತಕ್ಷರ ಒಡೆದು ಕಂಡರೆ ದೋಷ ಫಾಂಟಿನದೇ ಆಗಿರಬೇಕೆಂದಿಲ್ಲ. ಹಳೆಯ ಆವೃತ್ತಿಯಾದರೆ ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳ ಬೆಂಬಲ ಆರಿರಬಹುದು. ಅಂಟಿಸುವ ವಿನೈಲ್ ಹಾಳೆಯನ್ನು ಕತ್ತರಿಸುವ ಯಂತ್ರಕ್ಕೆ ಕೊಡುವ ಮೊದಲು ಒಂದರ ಮೇಲೊಂದು ಹಾಯ್ದ ಭಾಗಗಳನ್ನು ಬೆಸೆಯದಿದ್ದರೆ, ಏತ್ವವು ಅಕ್ಷರಕ್ಕೆ ಸೇರುವ ಕಡೆಯಲ್ಲೇ ಬ್ಲೇಡು ಹಾಯುತ್ತದೆ. ಕೊರೆಯಚ್ಚು (ಸ್ಟೆನ್ಸಿಲ್) ಮಾಡುವುದಾದರೆ ‘ಶುಭಂ’ ಪದದ ಸೊನ್ನೆಯ ನಡುಭಾಗ ಉದುರಿಹೋಗುವುದರಿಂದ ಅಲ್ಲೊಂದು ಸಣ್ಣ ಸೇತುವೆ ಬಿಡಬೇಕು. ಯಂತ್ರದ ಕೈಗೆ ಪೆನ್ನು ಕೊಟ್ಟು ಬರೆಸುವವರಿಗೆ ಒಂಟಿಗೆರೆಯ ಫಾಂಟೇ ಆಗಬೇಕು. ಸಾಮಾನ್ಯ ಫಾಂಟು ಅಕ್ಷರದ ಅಂಚನ್ನು ಮಾತ್ರ ಬಲ್ಲದಾದ್ದರಿಂದ, ಪ್ರತಿ ಗೆರೆಯ ಎರಡೂ ಬದಿಯನ್ನು ಸುತ್ತಿ ಪೊಳ್ಳು ಅಕ್ಷರ ಬರೆಯುತ್ತದೆ. ಮಾರುವ ವಸ್ತುವಾದರೆ ಪರವಾನಗಿಯನ್ನು ಓದಿಕೊಳ್ಳಿರಿ: ‘ಸ್ವಂತ ಬಳಕೆಗೆ ಮಾತ್ರ’ ಎಂದಿರುವ ಫಾಂಟಿನಲ್ಲಿ ಮಗ್ಗಿನ ಮೇಲೆ ಹೆಸರು ಹಾಕಿ ಮಾರುವಂತಿಲ್ಲ, ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿಯದಾದರೆ ಮಾರಬಹುದು.

ತಿದ್ದಿದ ಪತ್ರಿಕೆಯನ್ನು ಆ ವೀಕ್ಷಕಿಗೆ ಕಳುಹಿಸಿದೆ. ಅವರು ಅಜ್ಜಿಗೆ ತೋರಿಸಿದರಂತೆ. ಅಜ್ಜಿ ಬಹಳ ಹೊತ್ತು ನೋಡಿ, ‘ಕ’ ಬರೆದ ಹುಡುಗನ ಕೈ ಸ್ವಲ್ಪ ನಡುಗುತ್ತದೆ ಎಂದರಂತೆ. ಆ ‘ಕ’ವನ್ನು ನಾನು ಮುಟ್ಟಿಯೇ ಇರಲಿಲ್ಲ.