ಪದಗಳ ಒಡನಾಟದಲ್ಲಿ ಇಂಗ್ಲಿಷ್ ವ್ಯಾಕರಣ

ಕೇಳುಗರಿಗೆ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿಯೊಬ್ಬಳು ಇಂಗ್ಲಿಷಿನಲ್ಲಿ ‘ಐ ವಾಂಟ್ ದಟ್ ಯು ಕಮ್’ ಎಂದು ಬರೆದಳು ಎಂದುಕೊಳ್ಳಿ. ಅಧ್ಯಾಪಕರು ಕೆಂಪು ಗೆರೆ ಎಳೆಯುತ್ತಾರೆ. ಆದರೆ ತಪ್ಪು ಎಲ್ಲಿದೆ? ಕರ್ತೃಪದ ಇದೆ, ಕ್ರಿಯಾಪದ ಇದೆ, ಕಾಲವೂ ಸರಿಯಾಗಿದೆ. ‘ಐ ಹೋಪ್ ದಟ್ ಯು ಕಮ್’ ಎಂದಿದ್ದರೆ ಆ ಗೆರೆ ಬೀಳುತ್ತಿರಲಿಲ್ಲ. ‘ವಾಂಟ್’ ಮಾತ್ರ ‘ದಟ್’ ಅನ್ನು ಒಲ್ಲದು, ‘ಐ ವಾಂಟ್ ಯು ಟು ಕಮ್’ ಎಂಬ ವಿನ್ಯಾಸವನ್ನೇ ಕೇಳುತ್ತದೆ. ಇನ್ನು ‘ಐ ಹೋಪ್ ಯು ಟು ಕಮ್’ ಎನ್ನಲು ಹೊರಟರೆ ಅದೂ ನಡೆಯುವುದಿಲ್ಲ. ಬಯಕೆಯನ್ನೇ ಹೇಳುವ ಎರಡು ಕ್ರಿಯಾಪದಗಳು, ಎರಡು ಬೇರೆ ದಾರಿಗಳು. ಕಾಲಗಳ ಪಟ್ಟಿಯನ್ನು ಎಷ್ಟೇ ಉರು ಹೊಡೆದರೂ ಈ ಭೇದ ತಿಳಿಯುವುದಿಲ್ಲ. ಆ ಹುಡುಗಿ ವ್ಯಾಕರಣ ಓದಿಲ್ಲ ಎನ್ನುವುದು ಅನ್ಯಾಯ. ವ್ಯಾಕರಣದ ಒಂದು ದೊಡ್ಡ ಭಾಗ ಒಂದೊಂದು ಪದದೊಳಗೇ ಇದೆ ಎಂಬುದನ್ನು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ಈ ತೊಡಕನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಇಬ್ಬರು ಇಂಗ್ಲಿಷರಿದ್ದರು: ಹೆರಾಲ್ಡ್ ಪಾಮರ್ ಮತ್ತು ಎ. ಎಸ್. ಹಾರ್ನ್‌ಬಿ. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ ಇಂಥ ವಿನ್ಯಾಸಗಳು ಕಣ್ಣಿಗೆ ಬೀಳುವುದೇ ಇಲ್ಲ. ಕಲಿಯುವವರು ಎಡವಿದಾಗಲೇ ಅವು ಕಾಣುತ್ತವೆ. ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ನಿಘಂಟು ಕ್ರಿಯಾಪದಗಳ ಅರ್ಥವನ್ನಷ್ಟೇ ಕೊಡಲಿಲ್ಲ, ಯಾವ ಕ್ರಿಯಾಪದದ ನಂತರ ಏನು ಬರಬಹುದು ಎಂದೂ ಗುರುತು ಹಾಕಿ ತೋರಿಸಿತು. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಸಡಿಲವಾದ ಆಕ್ಸ್‌ಫರ್ಡ್ ವಿದ್ಯಾರ್ಥಿ ನಿಘಂಟು ಅದರದೇ ಸಂತತಿ. ಅದನ್ನು ಬಳಸಿದವರಲ್ಲಿ ಹೆಚ್ಚಿನವರು ಅರ್ಥ ನೋಡಿ ಮುಚ್ಚಿಟ್ಟರು. ಬದಿಯ ಆ ಪುಟ್ಟ ಗುರುತುಗಳನ್ನು ಓದಲು ಕಲಿಸಿದ್ದರೆ ಎಷ್ಟೋ ಜನರ ಇಂಗ್ಲಿಷ್ ಬೇರೆಯೇ ಆಗಿರುತ್ತಿತ್ತು ಎಂದು ನಾನು ನಂಬಿದ್ದೇನೆ.

ಹಾರ್ನ್‌ಬಿಯ ಕಾಲದಲ್ಲಿ ಓದಿದ್ದು, ಕೇಳಿದ್ದು, ನೆನಪಿನಲ್ಲಿದ್ದದ್ದೇ ಆಧಾರ. ಕಂಪ್ಯೂಟರ್ ಬಂದ ಮೇಲೆ ಲಕ್ಷಾಂತರ ವಾಕ್ಯಗಳನ್ನು ಒಟ್ಟಿಗೆ ನೋಡಲು ಸಾಧ್ಯವಾಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನಡೆಸಿದ ಕೆಲಸ ಇದರಲ್ಲಿ ಮುಖ್ಯವಾದದ್ದು. ಅದರ ಫಲವಾದ ನಿಘಂಟು 1987ರಲ್ಲಿ ಹೊರಬಂತು. ಅವರು ಎತ್ತಿ ತೋರಿಸಿದ ಒಂದು ಉದಾಹರಣೆ ನನಗೆ ಬಹಳ ಪ್ರಿಯ. ‘ಸೆಟ್ ಇನ್’ ಎಂದರೆ ಒಂದು ಸ್ಥಿತಿ ಬಂದು ನೆಲೆಯೂರುವುದು. ಅರ್ಥದಲ್ಲಿ ಒಳಿತು ಕೆಡುಕುಗಳ ಸುಳಿವಿಲ್ಲ. ಆದರೆ ನಿಜವಾದ ವಾಕ್ಯಗಳನ್ನು ಸಾಲಾಗಿ ಇಟ್ಟು ನೋಡಿದಾಗ ನೆಲೆಯೂರುತ್ತಿದ್ದದ್ದು ಕೊಳೆತ, ನಿರಾಶೆ, ಸೋಂಕು ಇಂಥವೇ. ಸಂತೋಷಕ್ಕೆ ‘ಸೆಟ್ ಇನ್’ ಬಳಸಿದರೆ ನಿಯಮವೇನೂ ಮುರಿಯದು, ಆದರೂ ಕಿವಿಗೆ ಅಪಸ್ವರ. ಕನ್ನಡದಲ್ಲಿ ಸಾಲವೂ ವಕ್ಕರಿಸುತ್ತದೆ, ರೋಗವೂ ವಕ್ಕರಿಸುತ್ತದೆ. ಮದುವೆಯ ಸಂಭ್ರಮ ವಕ್ಕರಿಸಿತು ಎಂದು ಯಾರಾದರೂ ಹೇಳುತ್ತಾರೆಯೇ?

ಇನ್ನು ಆಡುವ ಇಂಗ್ಲಿಷಿಗೂ ಬರೆಯುವ ಇಂಗ್ಲಿಷಿಗೂ ಇರುವ ಅಂತರ. ನಮ್ಮ ಶಾಲೆಗಳು ಇದನ್ನು ಬಹುಮಟ್ಟಿಗೆ ಮರೆತಿವೆ. ಡಗ್ಲಾಸ್ ಬೈಬರ್ ಮತ್ತು ಸಂಗಡಿಗರು ಸುಮಾರು 4 ಕೋಟಿ ಪದಗಳ ಸಂಗ್ರಹವನ್ನು ಆಧರಿಸಿ 1999ರಲ್ಲಿ ಒಂದು ದೊಡ್ಡ ವ್ಯಾಕರಣವನ್ನು ಪ್ರಕಟಿಸಿದರು. ಸಂಭಾಷಣೆ, ಕಥೆ ಕಾದಂಬರಿ, ಪತ್ರಿಕೆ, ವಿದ್ವತ್ ಬರಹ ಎಂದು ನಾಲ್ಕು ಬಗೆಯ ಇಂಗ್ಲಿಷನ್ನು ಅದರಲ್ಲಿ ಹೋಲಿಸಿದ್ದಾರೆ. ‘ಸೇ’, ‘ಗೆಟ್’, ‘ಗೋ’, ‘ನೋ’, ‘ಥಿಂಕ್’ ಮುಂತಾದ ಬರಿಯ 12 ಕ್ರಿಯಾಪದಗಳೇ, ಸಹಾಯಕ ಕ್ರಿಯಾಪದಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಮಾತುಕತೆಯಲ್ಲಿ ಬರುವ ಕ್ರಿಯಾಪದಗಳ ಸುಮಾರು ಶೇಕಡಾ 45ರಷ್ಟು ಭಾರವನ್ನು ಹೊರುತ್ತವೆ. ಇಂಗ್ಲಿಷ್ ಮಾತಿಗೆ ಹೆದರುವವರು ಈ ಸಂಖ್ಯೆಯನ್ನು ಒಮ್ಮೆ ಗಮನಿಸಬೇಕು. ಕರ್ಮಣಿ ಪ್ರಯೋಗವನ್ನು ತೆಗೆದುಕೊಂಡರೆ ವಿದ್ವತ್ ಬರಹದಲ್ಲಿ ಕಾಲು ಭಾಗದಷ್ಟು ಕ್ರಿಯಾಪದಗಳು ಆ ರೂಪದಲ್ಲಿವೆ, ಮಾತಿನಲ್ಲಿ ಶೇಕಡಾ 2ರಷ್ಟು ಮಾತ್ರ. ಪರೀಕ್ಷೆಗಾಗಿ ನಾವು ಕರ್ತರಿಯಿಂದ ಕರ್ಮಣಿಗೆ ತಿರುಗಿಸಿದ ವಾಕ್ಯಗಳು ಬಾಯಿಗೆ ಹೊಂದದೇ ಇದ್ದದ್ದು ಸಹಜವೇ ಆಗಿತ್ತು.

ಜೊತೆಯಾಗಿ ಬರುವ ಪದಗುಚ್ಛಗಳಲ್ಲಂತೂ ಈ ಅಂತರ ಎದ್ದು ಕಾಣುತ್ತದೆ. ಮಾತಿನಲ್ಲಿ ಮತ್ತೆ ಮತ್ತೆ ಕೇಳುವುದು ‘ಐ ಡೋಂಟ್ ನೋ ವಾಟ್’, ‘ಡು ಯು ವಾಂಟ್ ಮಿ ಟು’ ಇಂಥವು. ಸರ್ವನಾಮ ಮತ್ತು ಕ್ರಿಯಾಪದ ಮುಂದೆ ನಿಂತು, ಉಳಿದದ್ದಕ್ಕೆ ಬಾಗಿಲು ತೆರೆದಿಡುತ್ತವೆ. ವಿದ್ವತ್ ಬರಹದಲ್ಲಿ ‘ಇನ್ ದ ಕೇಸ್ ಆಫ್ ದ’, ‘ಆನ್ ದ ಅದರ್ ಹ್ಯಾಂಡ್’. ಇಲ್ಲಿ ನಾಮಪದಗಳದೇ ಆಡಳಿತ. ‘ಐ ಥಿಂಕ್’ ಆದ ಮೇಲೆ ಮಾತಿನಲ್ಲಿ ‘ದಟ್’ ಸಾಮಾನ್ಯವಾಗಿ ಉದುರಿಹೋಗುತ್ತದೆ, ಬರಹದಲ್ಲಿ ಉಳಿಯುತ್ತದೆ. ಪತ್ರಿಕೆಯ ತಲೆಬರಹದಲ್ಲಿ ನಾಮಪದಗಳು ಒಂದರ ಹಿಂದೊಂದು ಕೂಡುತ್ತವೆ: ‘ಸ್ಕೂಲ್ ಬಸ್ ಡ್ರೈವರ್ ಸ್ಟ್ರೈಕ್’. ಇದನ್ನು ಕಂಡು ತಬ್ಬಿಬ್ಬಾಗುವವರಿಗೆ ತತ್ಪುರುಷ ಸಮಾಸ ನೆನಪಿಸಿದರೆ ಸಾಕು. ಉತ್ತರಪದವೇ ಪ್ರಧಾನ, ಕೊನೆಯಿಂದ ಹಿಂದಕ್ಕೆ ಬಿಡಿಸುತ್ತಾ ಬಂದರೆ ಮುಷ್ಕರ ಯಾರದು, ಆ ಚಾಲಕರು ಯಾವ ಬಸ್ಸಿನವರು ಎಲ್ಲವೂ ತಿಳಿಯುತ್ತದೆ.

ಭಾರತದಲ್ಲಿ ನಾವು ಬಳಸುವ ಇಂಗ್ಲಿಷನ್ನೂ ಹೀಗೆ ಸಂಗ್ರಹಿಸಿದ್ದಾರೆ, ಅದೂ ನಮ್ಮ ಗಡಿಯ ಪಕ್ಕದಲ್ಲೇ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಎಸ್. ವಿ. ಶಾಸ್ತ್ರಿ ಅವರು 1978ರ ಮುದ್ರಿತ ಬರಹಗಳಿಂದ ಸುಮಾರು 10 ಲಕ್ಷ ಪದಗಳ ಭಂಡಾರವನ್ನು ಕಟ್ಟಿಸಿದರು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಗ್ರಹವೇ ಅದಕ್ಕೆ ಮಾದರಿ. ನಮ್ಮ ಬಳಕೆಯನ್ನು ತಪ್ಪುಗಳ ರಾಶಿ ಎಂದು ತಳ್ಳಿಹಾಕದೆ ಎಣಿಸಿ ನೋಡಬೇಕೆಂದು ಹೊರಟ ಆ ಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ.

‘ಡಿಸ್ಕಸ್ ಅಬೌಟ್’ ಎನ್ನುವುದನ್ನೇ ನೋಡಿ. ‘ಟಾಕ್ ಅಬೌಟ್’ ಸರಿ, ‘ಡಿಸ್ಕಷನ್ ಅಬೌಟ್’ ಸರಿ. ಹಾಗಿರುವಾಗ ‘ಡಿಸ್ಕಸ್’ ಮುಂದೆಯೂ ‘ಅಬೌಟ್’ ಇಡುವವನಿಗೆ ಒಂದು ತರ್ಕವಿದೆ. ಅವನು ವಿನ್ಯಾಸವನ್ನು ಗಮನಿಸಿದ್ದಾನೆ, ಪಕ್ಕದ ಪದದಿಂದ ತಂದಿದ್ದಾನೆ. ಅವನನ್ನು ನೋಡಿ ನಗುವುದು ಸಲ್ಲದು. ಪ್ರಕಟಣೆಗೆ, ಪರೀಕ್ಷೆಗೆ ಬರೆಯುವಾಗ ‘ಅಬೌಟ್’ ಬಿಡು ಎಂದು ಹೇಳಿಕೊಟ್ಟರೆ ಸಾಕು. ‘ಎಕ್ಸ್‌ಪ್ಲೇನ್ ಮಿ’ ಎಂಬುದೂ ಇದೇ ಜಾತಿಯದು. ‘ಗಿವ್’, ‘ಟೆಲ್’, ‘ಶೋ’ ನೇರವಾಗಿ ‘ಮಿ’ ಹಿಡಿಯುತ್ತವೆ. ‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಸಜೆಸ್ಟ್’ ನಡುವೆ ‘ಟು’ ಬೇಕೆನ್ನುತ್ತವೆ. ಆದ್ದರಿಂದ ನೋಟು ಪುಸ್ತಕದಲ್ಲಿ ‘ಎಕ್ಸ್‌ಪ್ಲೇನ್ ಎಂದರೆ ವಿವರಿಸು’ ಎಂದಷ್ಟೇ ಬರೆದುಕೊಳ್ಳಬೇಡಿ. ‘ಎಕ್ಸ್‌ಪ್ಲೇನ್ ದ ಲೆಸನ್ ಟು ಮಿ’ ಎಂದು ಇಡೀ ಸಾಲನ್ನು ಬರೆದುಕೊಳ್ಳಿ, ಮೂರು ಬಾರಿ ಗಟ್ಟಿಯಾಗಿ ಓದಿ.

ನಮಸ್ಕಾರ.